ಎದ್ದುಹೋದ ಊರು ನೋಡಿಬಂದ ಗಂಗಣ್ಣ

ಗಂಗಣ್ಣ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಒಂದೇ ಒಂದು ಸಲ ಅಲ್ಲಾಡಿಸುತ್ತಿದ್ದ. ಎರಡನೆಯ ಸಲ ಅಲ್ಲಾಡಿಸಿದ್ದನ್ನು ನಾನು ಕಂಡಿಲ್ಲ. ಅಟ್ಟದ ಮೇಲೆ ವರ್ಷಕಾಲ ಒಣಗಿದ ಕಾಯಿಯೊಳಗೆ ಕೊಬ್ಬರಿ ಚಿಪ್ಪು ಬಿಟ್ಟು ಒಣ ಉಂಡೆಯಾಗಿ, ಗಿಟುಕಾಗಿದ್ದರೆ ಗಡಗಡ ಅನ್ನುತ್ತದೆ, ಇದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಆದರೆ ಅದು ಪೂರ್ತಿ ಆಗಿದೆಯೋ, ಒಂದು ಮಗ್ಗುಲು ಇನ್ನೂ ಹಸಿ ಉಳಿದಿದೆಯೋ ಎಂದು ಒಂದೇ ಅಲ್ಲಾಟಕ್ಕೆ ಹೇಳಬಲ್ಲವನು ದಬ್ಬೇಘಟ್ಟದ ಸುತ್ತಿನಲ್ಲಿ ಅವನೊಬ್ಬನೇ. ಕಣ್ಣು ಮುಚ್ಚಿ, ತಲೆ ವಾಲಿಸಿ ಕೇಳಿ, "ಇದಿನ್ನೂ ಮಾತು ಕಲ್ತಿಲ್ಲ, ಮಡಗು" ಎಂದು ಪಕ್ಕಕ್ಕಿಡುತ್ತಿದ್ದ. ಒಡೆದು ನೋಡಿದರೆ ಹಾಗೇ ಇರುತ್ತಿತ್ತು. ನಾನೂ ನನ್ನ ಮನೆ ಅಟ್ಟ ಹತ್ತಿ, ಹತ್ತು ಹತ್ತು ಸಲ ಅಲ್ಲಾಡಿಸಿ, ಆಗಿದೆ ಎಂದು ಒಡೆದು, ಒಳಗೆ ಹಸಿ ಕಂಡು ನನ್ನನ್ನೇ ಬೈದುಕೊಂಡಿದ್ದೇನೆ. ನನ್ನ ಹೊಟ್ಟೆಕಿಚ್ಚು ಅಲ್ಲಿಂದ ಶುರುವಾಯಿತು ಅಂತಲೇ ಇಟ್ಟುಕೊಳ್ಳಿ.

ಹೌದು, ಹೊಟ್ಟೆಕಿಚ್ಚು. ತೀರಿಕೊಂಡ ಗೆಳೆಯನ ಬಗ್ಗೆ ಬರೆಯುವಾಗ ಇದಕ್ಕಿಂತ ಮರ್ಯಾದೆಯ ಮಾತು ಹುಡುಕಬೇಕು ಅನ್ನುತ್ತಾಳೆ ನನ್ನ ಹೆಂಡತಿ. ಈ ವಯಸ್ಸಿನಲ್ಲಿ ಹುಡುಕುತ್ತಾ ಕೂರುವ ತಾಳ್ಮೆ ನನಗಿಲ್ಲ.

ಗಂಗಣ್ಣ ನನ್ನ ಓರಗೆಯವನು. ಏಳನೇ ಕ್ಲಾಸಿನವರೆಗೆ ಒಂದೇ ಮಣೆಯ ಮೇಲೆ ಕೂತು ಓದಿದವರು ನಾವು. ಆಮೇಲೆ ಅವನು ತೋಟಕ್ಕೆ ಹೋದ, ನಾನು ಓದಿ ಹೈಸ್ಕೂಲು ಮೇಷ್ಟ್ರಾದೆ. ಕೆಲಸ ಸಿಕ್ಕ ದಿನದಿಂದ ಅವನು ನನ್ನನ್ನು ಬಹುವಚನದಲ್ಲಿ ಕರೆಯತೊಡಗಿದ. ನಾನು ಬೇಡವೆನ್ನಲಿಲ್ಲ. ಅವನನ್ನು ಮಾತ್ರ ಕೊನೆಯವರೆಗೂ ಏಕವಚನದಲ್ಲೇ ಕರೆದೆ. ಕುಳ್ಳ ಆಳು, ಅಗಲ ಪಾದ, ತೋಟದೊಳಗೆ ಚಪ್ಪಲಿ ಮೆಟ್ಟಿದವನೇ ಅಲ್ಲ. ಮರಗಳನ್ನು 'ಇವ್ರು' ಅನ್ನುತ್ತಿದ್ದ. ಬೆರಳ ಗೆಣ್ಣಿನಿಂದ ಕಾಂಡವನ್ನು ತಟ್ಟಿ, "ಇವ್ರಿಗೆ ಒಳಗೆ ಸರಿ ಇಲ್ಲ" ಎಂದರೆ ಮುಗಿಯಿತು. ಕಾಂಡ ಸೋರುವ ರೋಗ ಬಂದು ಸುತ್ತಲ ತೋಟಗಳು ಸೊರಗಿದಾಗ ಅವನ ತೋಟ ಮಾತ್ರ ಚೇತರಿಸಿಕೊಂಡಿತ್ತು. ಯಾರು ಬಂದು ನಮ್ಮ ಮರ ನೋಡು ಎಂದು ಕರೆದರೂ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಏಳುತ್ತಿದ್ದ. ಅವನ ಹೆಂಡತಿ ಪುಟ್ಟಮ್ಮ ಬೈದರೆ ಒಂದೇ ಉತ್ತರ: "ಹುಷಾರಿಲ್ಲ ಅಂತ ಕರೆದ ಮ್ಯಾಲೆ ಹೋಗ್ದೆ ಇದ್ರೆ ಚೆಂದಾಗಿರಲ್ಲ ಕಣೇ."

ಇನ್ನು ನನ್ನ ವಿಷಯ. ಮೂವತ್ತು ವರ್ಷ ಸಮಾಜ ಪಾಠ ಮಾಡಿದೆ. ಅದರಲ್ಲಿ ನನಗೆ ಹುಚ್ಚು ಹಿಡಿಸಿದ್ದು ಒಂದೇ ಪಾಠ, ಮೆಕ್ಸಿಕೋದ ಮಾಯಾ ಜನರದ್ದು. ಸ್ಪೇನಿನವರು ಆ ನೆಲಕ್ಕೆ ಕಾಲಿಡುವ ಎಷ್ಟೋ ಮೊದಲೇ ಅವರು ಕಟ್ಟಿದ ಚಿಚೆನ್ ಇಟ್ಜಾ ಎಂಬ ನಗರ, ಅದರ ನಡುವೆ ಮೆಟ್ಟಿಲು ಮೆಟ್ಟಿಲಾಗಿ ಏರಿದ ಪಿರಮಿಡ್ಡು. ನಾಲ್ಕು ಕಡೆಗೂ ತೊಂಬತ್ತೊಂದು ತೊಂಬತ್ತೊಂದು ಮೆಟ್ಟಿಲು, ಮೇಲಿನದು ಒಂದು ಸೇರಿದರೆ ಮುನ್ನೂರ ಅರವತ್ತೈದು, ದಿನಕ್ಕೊಂದು. ಹಗಲೂ ಇರುಳೂ ಸಮವಾಗುವ ದಿನ ಮೆಟ್ಟಿಲ ಪಕ್ಕದ ಗೋಡೆಯ ಮೇಲೆ ನೆರಳು ಹಾವಿನಂತೆ ಇಳಿಯುತ್ತದೆ. ಎದುರಿಗೆ ನಿಂತು ಚಪ್ಪಾಳೆ ತಟ್ಟಿದರೆ ಕಲ್ಲು ಹಕ್ಕಿಯ ದನಿಯಲ್ಲಿ ಮಾರುತ್ತರ ಕೊಡುತ್ತದೆ. ಅರ್ಧ ಗಂಟೆಯಲ್ಲಿ ಮುಗಿಯುವ ಪಾಠಕ್ಕೆ ನಾನು ಮೂರು ದಿನ ತೆಗೆದುಕೊಳ್ಳುತ್ತಿದ್ದೆ. ಬೋರ್ಡಿನ ತುಂಬ ಪಿರಮಿಡ್ಡು ಬರೆದು, ಸಾಯುವುದರೊಳಗೆ ಒಮ್ಮೆ ಅದರ ಬುಡದಲ್ಲಿ ನಿಂತು ಬರುತ್ತೇನೆ ಎಂದು ಹೇಳುತ್ತಿದ್ದೆ. ಇಲ್ಲೇ ಪಕ್ಕದ ಅರಳಗುಪ್ಪೆ ಗುಡಿಗೇ ನನ್ನನ್ನು ಕರ್ಕೊಂಡು ಹೋದವರಲ್ಲ, ಮೆಕ್ಸಿಕೋಗೆ ಹೊರಟರು ಎಂದು ಹೆಂಡತಿ ಆಡಿಕೊಂಡು ನಗುತ್ತಿದ್ದಳು. ಮೂರನೆಯ ದಿನ ಕೊನೆಯಲ್ಲಿ ನೋಟ್ಸ್ ಬರೆಸುತ್ತಿದ್ದೆ: 'ಕಾಲಕ್ರಮೇಣ ಈ ಜನಾಂಗವು ನಾಶವಾಯಿತು.' ಅದರ ಕೆಳಗೆ ಗೆರೆ ಎಳೆಸುತ್ತಿದ್ದೆ, ಪರೀಕ್ಷೆಗೆ ಬರುತ್ತದೆ ಎಂದು.

ಗಂಗಣ್ಣನ ವಂಶದವರ ಒಂದು ಪದ್ಧತಿಯನ್ನೂ ಇಲ್ಲೇ ಹೇಳಬೇಕು. ಅವರು ಮೂಲದಲ್ಲಿ ನಮ್ಮೂರಿನವರಲ್ಲ. ಊರಿನಿಂದ ಎರಡು ಮೈಲಿ ದೂರ, ರಾಗಿ ಹೊಲಗಳ ನಡುವೆ ಒಂದು ದಿಬ್ಬವಿದೆ. ಹಿಂದೆ ಯಾವಾಗಲೋ ಅಲ್ಲೊಂದು ಊರಿತ್ತು. ಪ್ಲೇಗಿಗೋ ಇನ್ನಾವುದಕ್ಕೋ ಹೆದರಿ ಜನ ಅದನ್ನು ಬಿಟ್ಟು ಸುತ್ತಲ ಹಳ್ಳಿಗಳಿಗೆ ಹಂಚಿಹೋದರು. ಜನರ ಬಾಯಲ್ಲಿ ಅದು ಹಾಳೂರು. ಈಗ ಉಳಿದಿರುವುದು ಮಡಕೆ ಚೂರು, ಬಾವಿಯ ಗುಂಡಿ, ಬೇವಿನ ಮರದ ಕೆಳಗೆ ಮಾರಮ್ಮನ ಕಲ್ಲು. ವರ್ಷಕ್ಕೊಂದು ದಿನ ಬಿಟ್ಟುಬಂದ ಮನೆತನಗಳೆಲ್ಲ ಅಲ್ಲಿ ಸೇರಿ, ಒಲೆ ಹೂಡಿ, ಅಡುಗೆ ಮಾಡಿ, ಎಡೆಯಿಟ್ಟು, ಉಂಡು ಬರುತ್ತಾರೆ. ದಿಬ್ಬದ ಅಂಚಿನಲ್ಲೇ ಚಪ್ಪಲಿ ಬಿಡಬೇಕು. ಇನ್ನೊಂದು ಕಟ್ಟುನಿಟ್ಟೆಂದರೆ ಆ ಊರು 'ಹಾಳಾಯ್ತು' ಅನ್ನುವ ಹಾಗಿಲ್ಲ, 'ಎದ್ದೋಯ್ತು' ಅನ್ನಬೇಕು. ಒಮ್ಮೆ ನಾನು ಬಾಯಿತಪ್ಪಿ ನಿಮ್ಮ ಹಾಳಾದ ಊರು ಅಂದುಬಿಟ್ಟೆ. ಗಂಗಣ್ಣನ ಮುಖ ಸಣ್ಣದಾಯಿತು. "ಹಾಳೂರು ಅಂತ ಹೆಸ್ರು ಅಷ್ಟೇ ಮೇಷ್ಟ್ರೇ. ಊರು ಹಾಳಾಗಿಲ್ಲ, ಎದ್ದೋಗೈತೆ. ಎದ್ದೋಗಿರೋದು ಎಲ್ಲೋ ಒಂದ್ಕಡೆ ಕೂತಿರ್ತದೆ" ಎಂದ. ಹಳ್ಳಿ ಮಾತು ಎಂದು ನಾನು ಒಳಗೊಳಗೇ ನಕ್ಕಿದ್ದೆ.

ನಾನು ನಿವೃತ್ತನಾದ ಮಾರನೆಯ ವರ್ಷ ಗಂಗಣ್ಣನಿಗೆ ಒಂದು ಇಂಗ್ಲಿಷ್ ಕಾಗದ ಬಂತು. ಓದಿ ಹೇಳಿ ಎಂದು ನೇರ ನನ್ನ ಮನೆಗೆ ತಂದ. ತೆಂಗು ಬೆಳೆಗಾರರ ಒಂದು ತಂಡವನ್ನು ಹೊರದೇಶಕ್ಕೆ ಕಳಿಸುತ್ತಿದ್ದಾರೆ, ಅಲ್ಲಿಯೂ ರೋಗ ಬಂದು ಮರಗಳು ಸತ್ತಿವೆ, ಹೊಸ ತಳಿ ಹಾಕಿ ತೋಟ ಎಬ್ಬಿಸಿದ್ದಾರೆ, ನೋಡಿಕೊಂಡು ನಿಮ್ಮ ಅನುಭವವನ್ನೂ ಹೇಳಿ ಬರಬೇಕು ಎಂದಿತ್ತು. ಗಂಗಣ್ಣನ ತೋಟ ನೋಡಿಹೋದ ಅಧಿಕಾರಿಯೊಬ್ಬರು ಅವನ ಹೆಸರು ಬರೆದಿದ್ದರು. ಓದುತ್ತಾ ಓದುತ್ತಾ ದೇಶದ ಹೆಸರಿಗೆ ಬಂದೆ. ಮೆಕ್ಸಿಕೋ. ಊರು ಮೆರಿಡಾ. ಕಾರ್ಯಕ್ರಮದ ಪಟ್ಟಿಯ ಕೊನೆಯ ಸಾಲು: 'ಚಿಚೆನ್ ಇಟ್ಜಾ ಪ್ರಾಚೀನ ನಗರದ ಅವಶೇಷಗಳ ಭೇಟಿ.'

ಆ ಸಾಲನ್ನು ನಾನು ಓದಿ ಹೇಳಲಿಲ್ಲ.

ಯಾಕೆ ಎಂದು ಕೇಳಬೇಡಿ, ಹೇಳಿಯಾಗಿದೆ. ಮೈಯೆಲ್ಲ ಉರಿಯಿತು. ಮೂವತ್ತು ವರ್ಷ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು ಅಳಿಸಿದವನು ನಾನು, ಹೋಗುವವನು ಇವನು. ಮಾಯಾ ಅಂದರೆ ಮಾಟವೇ ಮಂತ್ರವೇ ಎಂದು ಕೇಳುವಂಥವನು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಒಂದು ದಿನಕ್ಕೂ ಮಿಕ್ಕಿದ ವಿಮಾನದ ಪ್ರಯಾಣ, ಎಲ್ಲದಕ್ಕೂ ಮಾಂಸ ಹಾಕುತ್ತಾರೆ, ಈ ವಯಸ್ಸಿನಲ್ಲಿ ನಿನಗೆ ಯಾಕಪ್ಪ ಎಂದು ಹಿತ ಹೇಳುವವನ ಹಾಗೆ ಹೇಳಿದೆ. ಅವನು ತಲೆ ಕೆರೆದುಕೊಂಡು, ಹಂಗಾದ್ರೆ ಬ್ಯಾಡ ಬುಡಿ, ಬರಕ್ಕಾಗಲ್ಲ ಅಂತ ನೀವೇ ಒಂದು ಕಾಗ್ದ ಬರ್ಕೊಡಿ ಎಂದ. ಬರೆದುಕೊಟ್ಟೆ. ಅಕ್ಷರ ದುಂಡಗೆ ಬಂದಿತ್ತು. ಅವನು ಅದನ್ನು ಮಡಿಸಿ ಜೇಬಿಗಿಟ್ಟುಕೊಂಡು ಹೋದ ಮೇಲೆ ನಾನು ಎರಡು ಲೋಟ ನೀರು ಕುಡಿದೆ.

ಮಾರನೆಯ ಬೆಳಿಗ್ಗೆ ಅದೇ ಕಾಗದ ಹಿಡಿದು ವಾಪಸು ಬಂದ. ರಾತ್ರಿಯೆಲ್ಲ ಯೋಚನೆ ಮಾಡಿದನಂತೆ. "ಮರಕ್ಕೆ ಹುಷಾರಿಲ್ಲ ಅಂತ ಅಷ್ಟು ದೂರದಿಂದ ಕರೆದವ್ರೆ ಮೇಷ್ಟ್ರೇ. ಬರಲ್ಲ ಅನ್ನಕ್ಕೆ ಬಾಯಿ ಬರಲ್ಲ" ಎಂದ. ಪಾಸ್‌ಪೋರ್ಟ್ ಅರ್ಜಿ ತುಂಬಿದವನೂ ನಾನೇ. ಹುಟ್ಟಿದ ತಾರೀಕಿನಲ್ಲಿ ಏನಾದರೂ ತೊಡಕು ಬಂದು ನಿಂತುಹೋಗಲಿ ಎಂದು ಬಯಸಿದ್ದೂ ಉಂಟು. ಯಾವ ತೊಡಕೂ ಬರಲಿಲ್ಲ.

ಆಗ ನನಗೆ ನಾನೇ ತೋಡಿಕೊಂಡ ಗುಂಡಿ ಕಂಡಿತು. ಆ ಸಾಲನ್ನು ಮುಚ್ಚಿಟ್ಟ ಮೇಲೆ ಅವನ ಹತ್ತಿರ ಏನು ಹೇಳಿ ಕಳಿಸಲಿ? ಮೆಟ್ಟಿಲು ಎಣಿಸು, ಮೆಟ್ಟಿಲ ಬುಡದ ಕಲ್ಲಿನ ಹಾವಿನ ತಲೆ ಯಾವ ಕಡೆ ಇದೆ ನೋಡು, ಆ ನಗರದ ದೊಡ್ಡ ಬಾವಿಯ ಹತ್ತಿರ ಹೋಗು, ಎಲ್ಲದರದ್ದೂ ಫೋಟೋ ತೆಗಿ ಎಂದು ಹೇಳಬೇಕೆಂದು ನಾಲಿಗೆ ತುದಿಗೆ ಬರುತ್ತಿತ್ತು. ಬಸ್ಸು ಹತ್ತಿಸಲು ಹೋದಾಗ ಬಿಸಿನೀರು ಕುಡಿ ಎಂದಷ್ಟೇ ಹೇಳಿ ಬಂದೆ.

ಎರಡು ವಾರವಾದ ಮೇಲೆ ಊರಿಗೆ ಬಂದವನು ಸ್ನಾನ ಮುಗಿಸಿ ನೆಟ್ಟಗೆ ನಮ್ಮ ಮನೆ ಜಗಲಿಗೆ ಬಂದು ಕೂತ. ಹೇಗಿತ್ತು ಅಂದೆ. ಮರಗಳ ವಿಷಯ ಹೇಳುತ್ತಾನೆ ಅಂದುಕೊಂಡಿದ್ದೆ.

"ಮೇಷ್ಟ್ರೇ, ಅಲ್ಲೂ ಒಂದು ಹಾಳೂರೈತೆ" ಎಂದ.

ಫೋನು ಕಿತ್ತುಕೊಂಡು ನೋಡಿದೆ. ತೆಂಗಿನ ಕಾಂಡ, ತೆಂಗಿನ ಕಾಂಡ, ತೆಂಗಿನ ಸುಳಿ, ಮತ್ತೆ ಕಾಂಡ. ಕೊನೆಯಲ್ಲಿ ಪಿರಮಿಡ್ಡಿನದು ಒಂದೇ ಒಂದು, ಅದರಲ್ಲೂ ಅರ್ಧಕ್ಕೆ ಅವನ ಹೆಬ್ಬೆರಳು ಅಡ್ಡ. ಅದರ ಮುಂದಿನದು ಯಾರದೋ ಮನೆಯ ಒಲೆ. ಮೆಟ್ಟಿಲು ಎಷ್ಟು ಎಂದು ಕೇಳಿದೆ. ಎಣಿಸಲಿಲ್ಲವಂತೆ, ಈಗ ಹತ್ತುವುದಕ್ಕೂ ಬಿಡುವುದಿಲ್ಲವಂತೆ. ಚಪ್ಪಾಳೆ ತಟ್ಟಿದೆಯಾ? ಎಲ್ಲರೂ ತಟ್ಟುತ್ತಿದ್ದರು ಎಂದು ಒಂದು ಸಲ ತಟ್ಟಿದ್ದ, ಕಲ್ಲು ಹಕ್ಕಿಯ ಹಾಗೆ ಕೂಗಿತು. "ಆಮ್ಯಾಲೆ ತಟ್ಟಲಿಲ್ಲ. ಯಾರ್ದೋ ಊರು, ಹಂಗೆಲ್ಲ ತಟ್ಟಿ ಕರೀಬಾರ್ದು ಅನ್ನಿಸ್ತು" ಎಂದ. ನನಗೆ ಅವನ ಕತ್ತು ಹಿಸುಕುವಷ್ಟು ಕೋಪ ಬಂತು.

ಅವನು ಅಲ್ಲಿ ಮಾಡಿದ್ದನ್ನು ಒಂದೊಂದಾಗಿ ಹೇಳಿದ. ಬಸ್ಸು ಇಳಿದು ಗೇಟಿನ ಹತ್ತಿರ ಬಂದಾಗ ಇದು ಜನ ಬಿಟ್ಟುಹೋದ ಹಳೇ ಊರು ಎಂದು ಜೊತೆಗಿದ್ದ ಅಧಿಕಾರಿ ತಿಳಿಸಿದರಂತೆ. ತಕ್ಷಣ ಗಂಗಣ್ಣ ಚಪ್ಪಲಿ ಬಿಟ್ಟ. ಕಾವಲಿನವನು ಬೇಡ ಬೇಡ ಎಂದು ಕೈ ಆಡಿಸಿದ, ಅಧಿಕಾರಿ ಗದರಿಸಿದರು, ಇವನು ಜಪ್ಪಯ್ಯ ಅನ್ನಲಿಲ್ಲ. ಆ ಸುಡು ಬಿಸಿಲಲ್ಲಿ, ಬಿಳಿ ಸುಣ್ಣಕಲ್ಲಿನ ನೆಲದ ಮೇಲೆ ಬರಿಗಾಲಲ್ಲಿ ನಡೆದ. ಪಾದ ಬೊಬ್ಬೆ ಎದ್ದಿದ್ದನ್ನು ನನಗೆ ತೋರಿಸಿದ. ನಗರ ತೋರಿಸುವುದಕ್ಕೆ ಆ ಕಡೆಯವನೇ ಒಬ್ಬ ಬಂದಿದ್ದ, ಹೂವಣ್ಣ ಅಂತ. ಮೆಕ್ಸಿಕೋದಲ್ಲಿ ಹೂವಣ್ಣ ಎಲ್ಲಿಂದ ಬಂದ ಎಂದು ನಾನು ಆಮೇಲೆ ತಲೆ ಕೆಡಿಸಿಕೊಂಡು, ಹುವಾನ್ ಎಂಬ ಹೆಸರಿರಬೇಕು ಎಂದು ಪತ್ತೆ ಮಾಡಿದೆ. ಹೂವಣ್ಣ ರಾಜರ ಹೆಸರು, ಕಟ್ಟಿದ ಕಾಲ ಎಲ್ಲ ಹೇಳಿ, ಏನಾದರೂ ಕೇಳುವುದಿದೆಯೇ ಎಂದ. ಗಂಗಣ್ಣ ಕೈ ಎತ್ತಿ ಕೇಳಿದ: ಈ ಊರು ಎದ್ದು ಎಲ್ಲಿಗೆ ಹೋಯಿತು? ವರ್ಷಕ್ಕೊಂದು ಸಲ ಇಲ್ಲಿಗೆ ಅಡುಗೆ ಮಾಡಕ್ಕೆ ಬರೋರು ಯಾರು?

ಅಧಿಕಾರಿಗೆ ಇದನ್ನು ಇಂಗ್ಲಿಷಿನಲ್ಲಿ ಕೇಳಲು ನಾಚಿಕೆಯಾಯಿತಂತೆ. ಇವನು ಬಿಡಲಿಲ್ಲ, ಕೇಳಿ ಸ್ವಾಮಿ ಎಂದು ಹಟ ಹಿಡಿದ. ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಅವರ ಮಾತಿಗೆ ಹೋಗಿ ಪ್ರಶ್ನೆ ಹೂವಣ್ಣನನ್ನು ಮುಟ್ಟಿತು. ಹೂವಣ್ಣ ಸ್ವಲ್ಪ ಹೊತ್ತು ಇವನ ಬರಿಗಾಲು ನೋಡಿದ. ಆಮೇಲೆ ತನ್ನ ಎದೆ ಮುಟ್ಟಿಕೊಂಡು, ಬೆನ್ನ ಹಿಂದಿನ ಕಾಡಿನ ಕಡೆ ಕೈ ತೋರಿಸಿದ. ಮೂರು ಮೈಲಿ ದೂರದಲ್ಲಿ ಅವನ ಮನೆ. ಅವನ ತಾಯಿಗೆ ಇವತ್ತಿಗೂ ಮಾಯಾ ಮಾತು ಬಿಟ್ಟು ಬೇರೆ ಬರುವುದಿಲ್ಲ. ಮಧ್ಯಾಹ್ನ ಇವನನ್ನೂ ಅಧಿಕಾರಿಯನ್ನೂ ಅಲ್ಲಿಗೇ ಕರೆದುಕೊಂಡು ಹೋದ. ಅವನ ಹೆಂಡತಿ ಮುಸುಕಿನ ಜೋಳದ ರೊಟ್ಟಿ ತಟ್ಟಿ ಹಾಕಿದಳು. ಆ ಒಲೆಯೇ ಫೋಟೋದಲ್ಲಿದ್ದದ್ದು.

ನಾನು ಮೇಷ್ಟ್ರಲ್ಲವೇ, ಸುಮ್ಮನಿರಲಾಗಲಿಲ್ಲ. ಅವರು ಬೇರೆ ಯಾರೋ ಇರಬೇಕು ಗಂಗಣ್ಣ, ಆ ಜನಾಂಗ ನಾಶವಾಯಿತು ಅಂದೆ.

ಅವನು ನಿಜಕ್ಕೂ ಗಾಬರಿಯಾಗಿ ನನ್ನನ್ನು ನೋಡಿದ.

"ಯಾರು ಹೇಳಿದ್ದು ಮೇಷ್ಟ್ರೇ? ನಂಗೆ ಎರಡು ಸಲ ಬಡಿಸಿದ್ರು."

ಆ ಮಾತು ಕೇಳಿ ನನಗಾದದ್ದನ್ನು ಹೇಗೆ ಹೇಳಲಿ. ಮೂವತ್ತು ವರ್ಷ, ವರ್ಷಕ್ಕೆ ಎರಡು ಸೆಕ್ಷನ್ ಮಕ್ಕಳ ಕೈಲಿ ಬದುಕಿರುವ ಜನರನ್ನು ಸತ್ತರು ಎಂದು ಬರೆಸಿ, ಅಡಿಗೆರೆ ಬೇರೆ ಎಳೆಸಿದ್ದೆ. ಇವನು ಒಂದು ಮಧ್ಯಾಹ್ನದಲ್ಲಿ ಕೇಳಿದ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ನಾನು ಹೋಗಿದ್ದರೆ ಮೆಟ್ಟಿಲು ಎಣಿಸಿ, ಹಾವಿನ ತಲೆಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಬರುತ್ತಿದ್ದೆ. ಹೂವಣ್ಣನ ಮನೆಯ ರೊಟ್ಟಿ ನನಗೆ ಸಿಗುತ್ತಿರಲಿಲ್ಲ. ಅವನು ಹೋಗಿಬಂದ ಎಂಬ ಹೊಟ್ಟೆಕಿಚ್ಚು ಹೇಗೋ ತಡೆದುಕೊಳ್ಳಬಹುದಿತ್ತು. ಅವನು ಹೋಗಬೇಕಾದ ಹಾಗೆ ಹೋಗಿಬಂದ ಎಂಬುದನ್ನು ತಡೆದುಕೊಳ್ಳಲು ಆಗಲಿಲ್ಲ.

ಹೊರಡುವಾಗ ಅವನು ಜಗಲಿಯ ಕಂಬ ಹಿಡಿದು ನಿಂತು, ಹಾಳೂರಿಗೆ ಕರ್ಕೊಂಡು ಹೋಗ್ತಾರೆ ಅಂತ ಆ ಕಾಗದದಲ್ಲಿ ಬರೆದಿರಲಿಲ್ವಾ ಎಂದು ಕೇಳಿದ. ಇರಲಿಲ್ಲ ಅಂದೆ. "ಬರೆಯೋರು ಮರ್ತಿರ್ತಾರೆ ಬುಡಿ" ಎಂದು ಹೊರಟುಹೋದ.

ಆಮೇಲೆ ಎರಡು ವರ್ಷ ಅವನದೇ ಕಾರುಬಾರು. ಟೀ ಅಂಗಡಿಯಲ್ಲಿ, ತುರುವೇಕೆರೆ ಸಂತೆಯಲ್ಲಿ, ನೆಂಟರ ಮನೆಗಳಲ್ಲಿ ಹೂವಣ್ಣನ ಊರಿನ ಕತೆ. ಕೊನೆಗೆ ನಾನು ಪಾಠ ಮಾಡಿದ ಹೈಸ್ಕೂಲಿಗೇ ಅವನನ್ನು ಮಾತಾಡಲು ಕರೆದರು. ನಾನು ಮುಂದಿನ ಸಾಲಿನಲ್ಲಿ ಕೂತಿದ್ದೆ. ಮೂರು ದಿನದ ನನ್ನ ಪಾಠಕ್ಕೆ ಮಕ್ಕಳು ಆಕಳಿಸುತ್ತಿದ್ದ ಅದೇ ಹಾಲಿನಲ್ಲಿ ಒಂದು ಮಗುವೂ ಅಲುಗಾಡಲಿಲ್ಲ. ಅದನ್ನು ಹಾಳೂರು ಅನ್ನಬಾರದು, ಪ್ರಾಚೀನ ನಗರ ಅನ್ನಬೇಕು ಎಂದು ನಾನು ಕೂತಲ್ಲಿಂದಲೇ ತಿದ್ದಿದೆ. ಹೌದು, ಮೇಷ್ಟ್ರು ಹೇಳ್ದಂಗೆ, ಎಂದು ವಿನಯದಿಂದ ಒಪ್ಪಿಕೊಂಡು, ಮುಂದಿನ ಮಾತಿನಲ್ಲೇ ಮತ್ತೆ ಹಾಳೂರು ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಹಲ್ಲು ಕಚ್ಚಿಕೊಂಡು.

ಹೋದ ವರ್ಷ ಗಂಗಣ್ಣನಿಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಬಿದ್ದುಹೋಯಿತು, ಮಾತೂ ನಿಂತಿತು. ಎಡಗೈ ಒಂದು ಆಡುತ್ತಿತ್ತು. ಏನಾದರೂ ಸರಿಯಿಲ್ಲ ಅನ್ನಬೇಕಾದರೆ ಆ ಕೈಯನ್ನು ಹೊದಿಕೆಯಿಂದ ಒಂದು ಗೇಣು ಮೇಲೆತ್ತುತ್ತಿದ್ದ. ಸರಿಮಾಡಿದ ಮೇಲೆ ಇಳಿಸುತ್ತಿದ್ದ. ನಾನು ದಿನಾ ಸಾಯಂಕಾಲ ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. ಅವನು ತೀರಿಹೋಗುವುದಕ್ಕೆ ನಾಲ್ಕು ದಿನ ಮುಂಚೆ ಅರಳಗುಪ್ಪೆಯಿಂದ ಪುಟ್ಟಮ್ಮನ ಅಣ್ಣ ನೋಡಲು ಬಂದಿದ್ದರು. ಭಾವನ ಬಾಯಲ್ಲಿ ಆ ದೇಶದ ಕತೆ ಕೇಳಬೇಕು ಅಂತ ಇತ್ತು, ಆಗಲೇ ಇಲ್ಲ ಎಂದು ಅವರು ಪೇಚಾಡಿದರು. ಗಂಗಣ್ಣ ಎಡಗೈಯಿಂದ ನನ್ನ ಕಡೆ ತೋರಿಸಿದ. ಹೇಳಿ, ಎಂದು.

ಹೇಳತೊಡಗಿದೆ. ಮುನ್ನೂರ ಅರವತ್ತೈದು ಮೆಟ್ಟಿಲು ಅಂದೆ. ಕೈ ಮೇಲೆದ್ದಿತು. ತಾನು ಎಣಿಸಲಿಲ್ಲ ಅಂತ ಹೇಳುತ್ತಿದ್ದಾರೆ ಎಂದು ಪುಟ್ಟಮ್ಮ ಬಿಡಿಸಿ ಹೇಳಿದಳು. ಸರಿ, ಎಣಿಸಲಿಲ್ಲ ಅಂದೆ. ಕೈ ಇಳಿಯಿತು. ಅಲ್ಲೊಂದು ಹಾಳೂರು ಇದೆ ಅಂತ ಇವನಿಗೆ ಗೊತ್ತೇ ಇರಲಿಲ್ಲ, ಕಾಗದದಲ್ಲಿ ಬರೆದಿರಲಿಲ್ಲ ಅಂದೆ.

ಕೈ ಮತ್ತೆ ಎದ್ದಿತು. ನಾನು ಕೇಳಿಸದವನಂತೆ, ಕಾಣದವನಂತೆ ಮುಂದಕ್ಕೆ ಹೋಗಲು ನೋಡಿದೆ. ಕೈ ಇಳಿಯಲಿಲ್ಲ. ಎಷ್ಟು ದಿನದಿಂದ ಗೊತ್ತಿತ್ತೋ ಅವನಿಗೆ. ಅಧಿಕಾರಿ ಹೇಳಿದ್ದರೋ, ಇನ್ಯಾರ ಕೈಲೋ ಓದಿಸಿದ್ದನೋ. ಅಷ್ಟು ದಿನವೂ ಬಂದು ಜಗಲಿಯ ಮೇಲೆ ಕೂತು ಹೋಗಿದ್ದ.

"ಬರೆದಿತ್ತು. ಕೊನೇ ಸಾಲು. ನಾನೇ ಓದಿ ಹೇಳಲಿಲ್ಲ" ಅಂದೆ.

ಯಾಕೆ ಮೇಷ್ಟ್ರೇ, ಎಂದು ಅರಳಗುಪ್ಪೆಯವರು ಕೇಳಿದರು.

"ಹೊಟ್ಟೆಕಿಚ್ಚಿಗೆ."

ಕೈ ಇಳಿಯಿತು. ಪುಟ್ಟಮ್ಮ ನನ್ನ ಮುಖ ನೋಡಲಿಲ್ಲ, ಹೊದಿಕೆ ಸರಿಮಾಡಿದಳು. ಮುಂದಕ್ಕೆ ಹೇಳಿ ಎಂದಳು. ಹೇಳಿದೆ. ಬಿಸಿಲು, ಬಿಳಿಯ ನೆಲ, ಕೂಗುವ ಕಲ್ಲು, ಹೂವಣ್ಣ ಎದೆ ಮುಟ್ಟಿಕೊಂಡದ್ದು, ಅವನ ತಾಯಿ ಬಾಗಿಲಲ್ಲಿ ಕೂತಿದ್ದದ್ದು, ಎಲ್ಲ. ಅವನು ಹೇಳಿದ್ದನ್ನು ಅವನ ಮಾತಿನಲ್ಲೇ, ಒಂದು ಇಸವಿಯನ್ನೂ ಸೇರಿಸದೆ. ಹೇಳುತ್ತಾ ಹೇಳುತ್ತಾ ಆ ಮನೆ ನನ್ನ ಕಣ್ಣಿಗೆ ಕಟ್ಟಿತು. ಕೊನೆಗೆ, "ಹೊತ್ತು ಇಳೀತು, ಹೊರಟ್ವಿ. ಆ ಮುದುಕಿ ಎದ್ದು ನಮ್ಮನ್ನ ಬಸ್ಸಿನ ತನಕ ಬಂದು ಕಳಿಸಿಕೊಟ್ಟಳು" ಅಂದುಬಿಟ್ಟೆ.

ನಮ್ಮನ್ನ. ನಾನೂ ಜೊತೆಗೆ ಹೋಗಿದ್ದವನ ಹಾಗೆ. ಅಂದ ಮೇಲೆ ನನ್ನ ಕಿವಿಗೇ ಬಿತ್ತು. ಪುಟ್ಟಮ್ಮ ತಲೆಯೆತ್ತಿ ನನ್ನನ್ನು ನೋಡಿದಳು, ಆಮೇಲೆ ಗಂಡನ ಕೈ ನೋಡಿದಳು. ನಾನೂ ಅದನ್ನೇ ನೋಡುತ್ತಾ ಕಾದೆ.

ಕೈ ಏಳಲಿಲ್ಲ.